ಮೇಪಲ್ ಬೆಳೆಗಾರರ ಹವಾಮಾನವೂ ಅವರ ಉಗ್ರಾಣವೂ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಮರದ ರಸವನ್ನು ಕುದಿಸಿ ಸಿಹಿ ಪಾಕ ಮಾಡಿ ಮಾರುವ ಬೆಳೆಗಾರರು ಹದಿಮೂರು ಸಾವಿರಕ್ಕೂ ಮಿಕ್ಕಿ ಇದ್ದಾರೆ. ಮರದ ಹೆಸರು ಮೇಪಲ್. ಜಗತ್ತಿನಲ್ಲಿ ತಯಾರಾಗುವ ಮೇಪಲ್ ಪಾಕದಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಈ ಒಂದೇ ಪ್ರಾಂತದ್ದು. ಉಳಿದದ್ದರಲ್ಲಿ ಬಹುಪಾಲು ಗಡಿಯಾಚೆ ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಮೇನ್ ರಾಜ್ಯಗಳಿಂದ ಬರುತ್ತದೆ. ಕಾಫಿ ಅಡಿಕೆಯವರ ಪತ್ರಿಕೆಯಲ್ಲಿ ಈ ಸಂಗತಿ ಏಕೆಂದು ಕೇಳುವ ಸದಸ್ಯರಿದ್ದಾರು. ಕೇಳಬೇಕಾದದ್ದೇ. ವರ್ಷದ ಸಂಪಾದನೆಯೆಲ್ಲ ಚಳಿಗಾಲದ ಕೊನೆಯ ನಾಲ್ಕಾರು ವಾರಗಳ ಹವೆಯ ಮೇಲೆ ನಿಂತಿರುವ ಬೆಳೆ ಅದು. ಫೆಬ್ರವರಿ ಮಾರ್ಚಿನಲ್ಲಿ ಒಂದಿಂಚು ಹೂಮಳೆಗಾಗಿ ಕಾದು ಕೂರುವ ನಮಗೆ ಆ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಕಷ್ಟಕ್ಕೆ ಅವರೆಲ್ಲ ಒಟ್ಟು ಸೇರಿ ಮಾಡಿಕೊಂಡಿರುವ ಏರ್ಪಾಡು ನಮ್ಮಲ್ಲಿ ಇಲ್ಲ. ಈ ಸಲದ ಸರ್ವಸದಸ್ಯರ ಸಭೆಯ ಮುಂದೆ ಬರಲಿರುವ ಒಂದು ವಿಷಯಕ್ಕೂ ಅದಕ್ಕೂ ಸಂಬಂಧವಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಆ ಬೆಳೆಯ ಸ್ವರೂಪ ತಿಳಿಯಬೇಕು. ಸಕ್ಕರೆ ಮೇಪಲ್ ಚಳಿ ಪ್ರದೇಶದ ಕಾಡುಮರ. ಹೆಚ್ಚಿನ ಕಡೆ ಅದು ನೆಟ್ಟು ಬೆಳೆಸಿದ್ದಲ್ಲ. ಇದ್ದ ಕಾಡನ್ನೇ ಸವರಿ, ಬೇಡದ ಮರ ತೆಗೆದು, ತೋಟದಂತೆ ಕಾಪಾಡಿಕೊಂಡು ಬಂದಿದ್ದಾರೆ. ಕಾಂಡ ಹತ್ತು ಅಂಗುಲ ಅಡ್ಡಳತೆಗೆ ಬಂದು ರಸ ತೆಗೆಯಲು ತಕ್ಕದ್ದಾಗಬೇಕಾದರೆ ಸುಮಾರು ನಲವತ್ತು ವರ್ಷ ಹಿಡಿಯುತ್ತದೆ. ಚಳಿಗಾಲ ಮುಗಿಯುತ್ತ ಬಂದಾಗ ಕಾಂಡದಲ್ಲಿ ಕಿರುಬೆರಳಿಗಿಂತ ಸಪೂರದ, ಒಂದೂವರೆ ಎರಡು ಅಂಗುಲ ಆಳದ ತೂತು ಕೊರೆದು ಕೊಳವೆ ಸಿಗಿಸುತ್ತಾರೆ. ತೊಟ್ಟಿಕ್ಕುವ ರಸದಲ್ಲಿ ಸಕ್ಕರೆ ನೂರಕ್ಕೆ ಎರಡೇ ಪಾಲು. ಬಾಯಿಗೆ ಹಾಕಿದರೆ ಹೆಚ್ಚುಕಡಮೆ ನೀರೇ. ನಲವತ್ತು ಲೀಟರ್ ರಸ ಕುದಿಸಿದರೆ ಸಿಗುವುದು ಒಂದು ಲೀಟರ್ ಪಾಕ. ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಜೋನಿ ಬೆಲ್ಲವಾಗುವುದನ್ನು ಕಂಡವರಿಗೆ ಕೆಲಸದ ಪರಿಚಯವಿದ್ದೇ ಇದೆ. ಆದರೆ ಕಬ್ಬಿನ ಹಾಲಿನ ಸಿಹಿ ಇದರ ಏಳೆಂಟು ಪಟ್ಟು. ಸೌದೆ ಎಷ್ಟು ಬೇಕಾದೀತೆಂದು ತಾವೇ ಲೆಕ್ಕ ಹಾಕಿಕೊಳ್ಳಬಹುದು. ಐರೋಪ್ಯರು ಆ ನೆಲಕ್ಕೆ ಕಾಲಿಡುವ ಮೊದಲೇ ಅಲ್ಲಿನ ಮೂಲನಿವಾಸಿಗಳಿಗೆ ಈ ವಿದ್ಯೆ ತಿಳಿದಿತ್ತು.

ಇನ್ನು ಹವೆಯ ವಿಚಾರ. ನಮ್ಮಲ್ಲಿ ಬಗನಿ ಮರದಿಂದ ಕಳ್ಳು ಇಳಿಸುವವರು ಹೊಂಬಾಳೆಯನ್ನು ಹದ ಮಾಡಿ ಕೊಯ್ದರೆ ರಸ ಬರುತ್ತದೆ. ಮೇಪಲ್ ಮರ ಹಾಗಲ್ಲ. ಅದರ ರಸ ಇಳಿಯಬೇಕಾದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬೇಕು, ಹಗಲು ಅದು ಕರಗುವಷ್ಟು ಬೆಚ್ಚಗಿರಬೇಕು. ರಾತ್ರಿ ಸೊನ್ನೆಗಿಂತ ಐದು ಡಿಗ್ರಿ ಕೆಳಗೆ, ಹಗಲು ಐದು ಡಿಗ್ರಿ ಮೇಲೆ ಎಂದರೆ ಬಹಳ ಒಳ್ಳೆಯ ದಿನ. ರಾತ್ರಿ ಕಾಂಡದೊಳಗಿನ ರಸ ಮಂಜುಗಡ್ಡೆಯಾಗುತ್ತದೆ, ನಾರುಗಳ ಒಳಗಿನ ಗಾಳಿ ಕುಗ್ಗುತ್ತದೆ, ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಹಗಲು ಗಡ್ಡೆ ಕರಗಿ ಗಾಳಿ ಹಿಗ್ಗಿದಾಗ ಒತ್ತಡ ಹುಟ್ಟಿ ರಸ ತೂತಿನಿಂದ ಹೊರಬರುತ್ತದೆ. ಈ ಏರಿಳಿತ ಎಷ್ಟು ದಿನ ನಡೆಯುತ್ತದೋ ಅಷ್ಟು ದಿನ ಬೆಳೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಕೊನೆಯೊಳಗೆ ಹೀಗೆ ನಾಲ್ಕರಿಂದ ಆರು ವಾರ ಸಿಗುತ್ತದೆ. ಅದರಲ್ಲೂ ರಸ ದಿನವೂ ಇಳಿಯುವುದಿಲ್ಲ. ಎರಡು ದಿನ ಭರದಿಂದ ಸುರಿದು ನಾಲ್ಕು ದಿನ ನಿಂತುಬಿಡುವುದುಂಟು.

ಈ ನಾಲ್ಕಾರು ವಾರ ಕೆಡಲು ಒಂದೇ ದಾರಿಯಲ್ಲ. ಮಾರ್ಚ್ ಪೂರ್ತಿ ಹಗಲೂ ರಾತ್ರಿಯೂ ಹೆಪ್ಪುಗಟ್ಟಿದ ಚಳಿಯೇ ಇದ್ದರೆ ಹನಿ ಇಳಿಯುವುದಿಲ್ಲ. ಆಮೇಲೆ ಒಮ್ಮೆಲೇ ಬಿಸಿಲು ಬಂದರೆ ಆರು ವಾರದ ಸುಗ್ಗಿ ಹತ್ತು ದಿನಕ್ಕೆ ಇಳಿಯುತ್ತದೆ. ಹಗಲೂ ರಾತ್ರಿಯೂ ಬೆಚ್ಚಗಿದ್ದರೆ ಒತ್ತಡವೇ ಹುಟ್ಟದೆ ರಸ ನಿಲ್ಲುತ್ತದೆ. ಬೆಚ್ಚನೆಯ ಹವೆ ಮುಂದುವರಿದರೆ ಇನ್ನೂ ಎರಡು ಕೇಡು ಕಾದಿವೆ. ರಸದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಸಕ್ಕರೆಯನ್ನು ಒಡೆಯುತ್ತವೆ. ಆ ರಸ ಕುದಿಸಿದಾಗ ಪಾಕ ಕಪ್ಪಾಗುತ್ತದೆ. ಮರದ ಮೊಗ್ಗು ಉಬ್ಬತೊಡಗಿತೋ, ರಸಕ್ಕೆ ಒಂದು ಕೆಟ್ಟ ವಾಸನೆ ಬರುತ್ತದೆ. ಅಲ್ಲಿಗೆ ಆ ವರ್ಷದ ಕೆಲಸ ಮುಗಿದಂತೆಯೇ.

ಜನವರಿ ಕೊನೆಯಲ್ಲಿ ಬರುವ ಸುಳ್ಳು ಬಿಸಿಲು ಬೆಳೆಗಾರನನ್ನು ಹೆಚ್ಚು ಕಾಡುವ ಪ್ರಶ್ನೆಯೆಂದು ನನ್ನ ಎಣಿಕೆ. ಎರಡು ಮೂರು ದಿನ ಹಿಮ ಕರಗುತ್ತದೆ, ರಸವೂ ಇಳಿಯುತ್ತದೆ. ಆಗಲೇ ತೂತು ಕೊರೆದವನಿಗೆ ಆ ರಸ ದಕ್ಕುತ್ತದೆ. ಆದರೆ ಕೊರೆದ ತೂತಿಗೆ ಆಯುಸ್ಸಿದೆ. ಗಾಯವಾದ ಮರ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆರೆಂಟು ವಾರಗಳಲ್ಲಿ ತೂತು ಒಣಗುತ್ತ ಬರುತ್ತದೆ. ಬೇಗ ಕೊರೆದವನಿಗೆ ಮಾರ್ಚ್ ಕೊನೆಯ ದೊಡ್ಡ ಇಳಿತದ ಹೊತ್ತಿಗೆ ಕೊಳವೆ ಒಣಗಿರಬಹುದು. ಕಾದು ಕೊರೆದವನಿಗೆ ದೊಡ್ಡ ಇಳಿತ ಫೆಬ್ರವರಿಯಲ್ಲೇ ಬಂದು ಹೋಗಿರಬಹುದು. ಅದೇ ವರ್ಷ ಇನ್ನೊಂದು ತೂತು ಕೊರೆಯಬಹುದಲ್ಲ ಎಂದರೆ ಮರಕ್ಕೆ ಇನ್ನೊಂದು ಗಾಯ. ನಲವತ್ತು ವರ್ಷ ಕಾದು ಬೆಳೆದ ಮರಕ್ಕೆ ಹಾಗೆ ಮಾಡಲು ಕೈ ಬರುವುದಿಲ್ಲ. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಯಾವಾಗ ಹಚ್ಚಬೇಕು, ಇನ್ನೊಂದು ವಾರ ಮಳೆಗೆ ಕಾಯಬೇಕೋ ಬೇಡವೋ ಎಂದು ನಾವು ನಿದ್ದೆಗೆಡುವುದೂ ಇದೇ ಜಾತಿಯ ಸಂಕಟ.

ಕೆಟ್ಟ ವರ್ಷಗಳ ಲೆಕ್ಕ ನೋಡೋಣ. 1998ರ ಜನವರಿಯಲ್ಲಿ ಸುರಿದ ಮಳೆ ಕೊಂಬೆಗಳ ಮೇಲೆ ಬಿದ್ದಲ್ಲೇ ಮಂಜುಗಡ್ಡೆಯಾಗಿ, ಆ ಭಾರಕ್ಕೆ ಕ್ವಿಬೆಕ್, ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳ ಮೇಪಲ್ ತೋಪುಗಳು ಮುರಿದು ಬಿದ್ದವು. ಒಂದು ವರ್ಷದ ಫಸಲು ಹೋದರೆ ಮುಂದಿನ ವರ್ಷ ಬಂದೀತು. ಮರವೇ ಹೋದರೆ ಮಗನ ಕಾಲಕ್ಕೂ ಬರುವುದಿಲ್ಲ. 2012ರಲ್ಲಿ ಬಂದದ್ದು ಇದಕ್ಕೆ ತದ್ವಿರುದ್ಧವಾದ ಪೆಟ್ಟು. ಮಾರ್ಚ್ ಮೂರನೆಯ ವಾರದಲ್ಲಿ, ಹಿಮ ಇರಬೇಕಾದ ವರ್ಮಾಂಟಿನಲ್ಲಿ ಹಗಲಿನ ಕಾವು 25 ಡಿಗ್ರಿ ದಾಟಿತು. ಮೊಗ್ಗು ಒಡೆಯಿತು, ಬೆಳೆ ಮುಗಿಯಿತು. ಆ ವರ್ಷ ಅಮೆರಿಕದ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆಯಾಯಿತು.

ಕ್ವಿಬೆಕ್ಕಿನ ಇತ್ತೀಚಿನ ಅಂಕಿಗಳು ಇನ್ನೂ ವಿಚಿತ್ರ. 2020ರಲ್ಲಿ 17.5 ಕೋಟಿ ಪೌಂಡು ಪಾಕ. 2021ರಲ್ಲಿ ಬೇಸಿಗೆ ಬೇಗ ಬಂದು 13.3 ಕೋಟಿಗೆ ಇಳಿಯಿತು. 2022ರಲ್ಲಿ ಹವೆ ಒದಗಿ ಬಂದು 21.1 ಕೋಟಿ. 2023ರಲ್ಲಿ ಪುನಃ 12.4 ಕೋಟಿ. 2024ರಲ್ಲಿ 23.9 ಕೋಟಿ, ಅಂದರೆ ಹಿಂದಿನ ವರ್ಷದ ಹತ್ತಿರ ಹತ್ತಿರ ಎರಡರಷ್ಟು. ಮರಗಳು ಹೆಚ್ಚುಕಡಮೆ ಅವೇ, ಬೆಳೆಗಾರರೂ ಅವರೇ. ಹೊಸದಾಗಿ ಸೇರಿದ ಕೊಳವೆಗಳನ್ನು ಲೆಕ್ಕಕ್ಕೆ ಹಿಡಿದರೂ ಈ ತೂಗಾಟ ಮುಖ್ಯವಾಗಿ ಹವೆಯದು. ನಮ್ಮ ಅರೇಬಿಕಾದಲ್ಲಿ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಏರಿಳಿಯುವುದನ್ನು ಕಂಡಿದ್ದೇವೆ. ಅದು ಗಿಡದ ದಣಿವು, ಅದಕ್ಕೆ ಒಂದು ಲೆಕ್ಕವಿದೆ. ಇದಕ್ಕೆ ಅದೂ ಇಲ್ಲ.

ಒಟ್ಟಿನ ಒಲವು ಮಾತ್ರ ಸ್ಪಷ್ಟವಾಗಿದೆ. ವರ್ಮಾಂಟ್ ವಿಶ್ವವಿದ್ಯಾನಿಲಯದ ಪ್ರಾಕ್ಟರ್ ಮೇಪಲ್ ಸಂಶೋಧನ ಕೇಂದ್ರ 1946ರಿಂದ ಈ ಒಂದೇ ಮರದ ಮೇಲೆ ಕೆಲಸ ಮಾಡುತ್ತಿದೆ. ಸುಗ್ಗಿ ಮೊದಲಿಗಿಂತ ಬೇಗ ತೊಡಗುತ್ತಿದೆ, ಅದಕ್ಕಿಂತಲೂ ಬೇಗ ಮುಗಿಯುತ್ತಿದೆ ಎಂಬುದು ಅಲ್ಲಿಯವರು ಕಂಡುಕೊಂಡ ಸಂಗತಿ. ಎರಡು ತುದಿಯೂ ಮುಂದಕ್ಕೆ ಸರಿದು ನಡುವಿನ ಅವಧಿ ಕಿರಿದಾಗುತ್ತಿದೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಮಾಡಿದ ಪ್ರಯೋಗವೊಂದು ನನಗೆ ಆಶ್ಚರ್ಯ ತಂದಿತು. ಚಳಿಗಾಲದಲ್ಲಿ ಮರದ ಬುಡದ ಹಿಮವನ್ನು ಗುಡಿಸಿ ತೆಗೆದರು. ಮರದ ಬೆಳವಣಿಗೆ ನೂರಕ್ಕೆ 40ರಷ್ಟು ಕುಗ್ಗಿತು. ಹಿಮವೆಂದರೆ ಚಳಿ ಎಂದು ನಾವು ತಿಳಿದಿದ್ದೇವೆ. ಬೇರಿಗೆ ಅದು ಕಂಬಳಿ. ಕಂಬಳಿ ಇಲ್ಲದ ವರ್ಷ ಬೇರೇ ಹೆಪ್ಪುಗಟ್ಟಿ ಸಾಯುತ್ತದೆ. ತೋಟದ ಬುಡಕ್ಕೆ ತರಗು ಮುಚ್ಚುವ ನಮಗೆ ಈ ತತ್ತ್ವ ಹೊಸತಲ್ಲ, ಬಿಸಿಲಿಗೆ ಬದಲು ಚಳಿ ಅಷ್ಟೇ.

ಇದಕ್ಕೆ ಬೆಳೆಗಾರರು ಮಾಡಿದ ಉಪಾಯಗಳಲ್ಲಿ ಯಂತ್ರಗಳದ್ದು ಒಂದು ಬಗೆ. ಮರಕ್ಕೆ ಬಕೆಟ್ಟು ತೂಗುಹಾಕುವ ಪದ್ಧತಿ ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. ದೊಡ್ಡ ತೋಪುಗಳಲ್ಲಿ ಈಗ ಇರುವುದು ಮರದಿಂದ ಮರಕ್ಕೆ ಹಾಯಿಸಿದ ಪ್ಲಾಸ್ಟಿಕ್ ಕೊಳವೆ. ಅದರ ತುದಿಯಲ್ಲಿ ಗಾಳಿ ಹೀರುವ ಪಂಪು. ಹವೆ ಅಷ್ಟೇನೂ ಒದಗದ ದಿನವೂ ಪಂಪು ರಸವನ್ನು ಎಳೆಯುತ್ತದೆ. ಬಕೆಟ್ಟಿಗೆ ಹೋಲಿಸಿದರೆ ಸುಮಾರು ಎರಡರಷ್ಟು ರಸ ಸಿಗುತ್ತದೆ. ಕುದಿಸುವ ಮೊದಲೇ ರಸದ ನೀರಿನಲ್ಲಿ ಮುಕ್ಕಾಲು ಪಾಲನ್ನು ಸೋಸಿ ತೆಗೆಯುವ ಯಂತ್ರವೂ ಇದೆ, ಅದರಿಂದ ಇಂಧನ ಉಳಿಯುತ್ತದೆ. ಹವಾಮಾನದ ಪೆಟ್ಟನ್ನು ಇವು ಬಹಳಷ್ಟು ತಗ್ಗಿಸಿವೆ ಎಂಬುದರಲ್ಲಿ ಸಂಶಯವಿಲ್ಲ. ಯಾರಿಗೆ ತಗ್ಗಿಸಿವೆ ಎಂಬುದು ಬೇರೆ ಪ್ರಶ್ನೆ. ಇಪ್ಪತ್ತು ಸಾವಿರ ಕೊಳವೆ ಇರುವವನು ಪಂಪಿಗೆ ಹಣ ಹಾಕಬಲ್ಲ. ಮನೆಯ ಹಿಂದಿನ ಐನೂರು ಮರದವನು ಬಕೆಟ್ಟು ಹಿಡಿದು ಆಕಾಶ ನೋಡಬೇಕು. ನಮ್ಮಲ್ಲಿ ಕೆರೆ, ಮೋಟಾರು, ಪೈಪು ಇರುವವರು ತಮ್ಮ ಹೂಮಳೆಯನ್ನು ತಾವೇ ಸುರಿಸಿಕೊಳ್ಳುತ್ತಾರೆ. ಎರಡೆಕರೆಯವನ ಹೂ ಮಳೆಯಿಲ್ಲದೆ ಮೊಗ್ಗಿನಲ್ಲೇ ಕರಕಾಗುತ್ತದೆ. ಯಂತ್ರದಿಂದ ಹವಾಮಾನವನ್ನು ಗೆಲ್ಲಬಹುದು ಎನ್ನುವವರು ಸಾಮಾನ್ಯವಾಗಿ ಯಂತ್ರ ಇರುವವರೇ.

ಸಣ್ಣವನನ್ನೂ ದೊಡ್ಡವನನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿದ್ದು ಎರಡನೆಯ ಉಪಾಯ. ಅದೇ ಉಗ್ರಾಣ. ಕ್ವಿಬೆಕ್ ಬೆಳೆಗಾರರ ಒಕ್ಕೂಟ 1966ರಲ್ಲಿ ಹುಟ್ಟಿತು. 1990ರ ಹೊತ್ತಿಗೆ ಎಲ್ಲ ಬೆಳೆಗಾರರಿಗೂ ಅನ್ವಯಿಸುವ ಜಂಟಿ ಮಾರಾಟ ಯೋಜನೆ ಬಂತು. 2000ದಲ್ಲಿ, ಪಾಕ ಹೆಚ್ಚಾಗಿ ಧಾರಣೆ ಬೀಳುವ ಭಯವಿದ್ದಾಗ, ಹೆಚ್ಚುವರಿ ಪಾಕವನ್ನು ಮಾರದೆ ಕಾಯ್ದಿಡುವ ಏರ್ಪಾಡು ತೊಡಗಿತು. 2004ರಿಂದ ಪ್ರತಿಯೊಬ್ಬನಿಗೂ ಇಷ್ಟು ಪಾಕ ಎಂಬ ಕೋಟಾ. ಪಾಕವನ್ನು ಪಾಶ್ಚರೀಕರಿಸಿ ಪೀಪಾಯಿಗಳಲ್ಲಿ ತುಂಬಿ, ಲೋರಿಯೆವಿಲ್ ಎಂಬ ಊರಿನ ದೊಡ್ಡ ಉಗ್ರಾಣದಲ್ಲಿ ಇಡುತ್ತಾರೆ. ಚೆನ್ನಾಗಿ ಮುಚ್ಚಿಟ್ಟ ಪಾಕ ವರ್ಷಗಟ್ಟಲೆ ಕೆಡುವುದಿಲ್ಲ. ಒಳ್ಳೆಯ ವರ್ಷ ಒಳಗೆ, ಕೆಟ್ಟ ವರ್ಷ ಹೊರಗೆ. ಇದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ನಮ್ಮ ಅಜ್ಜಂದಿರು ಪಣತದಲ್ಲಿ ಭತ್ತ ಇಡುತ್ತಿದ್ದುದೂ ಇದೇ ಲೆಕ್ಕದಲ್ಲಿ.

2021ರಲ್ಲಿ ಇದರ ಪರೀಕ್ಷೆ ನಡೆಯಿತು. ಬೆಳೆ ಕಾಲು ಪಾಲು ಬಿದ್ದಿತ್ತು; ಬೇಡಿಕೆ ಏರುತ್ತಲೇ ಇತ್ತು. ಒಕ್ಕೂಟ ಉಗ್ರಾಣದಿಂದ ಸುಮಾರು 5 ಕೋಟಿ ಪೌಂಡು ಪಾಕ ಹೊರಗೆ ಬಿಟ್ಟಿತು, ಅಂದರೆ ದಾಸ್ತಾನಿನ ಅರ್ಧದಷ್ಟು. ಅಂಗಡಿಗಳಲ್ಲಿ ಪಾಕ ಖಾಲಿಯಾಗಲಿಲ್ಲ. ಇದರಿಂದ ಬೆಳೆಗಾರನಿಗೇನು ಲಾಭ, ಪಾಕ ಕಡಮೆಯಾದರೆ ಧಾರಣೆ ಏರುತ್ತಿತ್ತಲ್ಲ ಎಂದು ಕೇಳಬಹುದು. ಧಾರಣೆ ಏರಿದರೆ ಲಾಭ ಯಾರಿಗೆ? ಆ ವರ್ಷ ಕೈಯಲ್ಲಿ ಸರಕು ಇದ್ದವನಿಗೆ. ಬೆಳೆ ಹೋದವನಿಗೆ ಅಲ್ಲ. ಅದೂ ಅಲ್ಲದೆ ಒಂದು ವರ್ಷ ಸರಕು ಸಿಗದ ಗಿರಾಕಿ ಜೋಳದ ಸಕ್ಕರೆ ಪಾಕಕ್ಕೆ ಬಾಯಿ ರೂಢಿಮಾಡಿಕೊಂಡರೆ ಮರುವರ್ಷ ಅವನನ್ನು ಕರೆತರುವುದು ಸುಲಭವಲ್ಲ. ಉಗ್ರಾಣದಲ್ಲಿ ಇದ್ದದ್ದು ಬೆಳೆಗಾರರ ಹಿಂದಿನ ವರ್ಷಗಳ ಪಾಕವೇ. ಅದು ಮಾರಿದಾಗ ಹಣ ಬಂದದ್ದೂ ಅವರಿಗೇ.

ಉಗ್ರಾಣಕ್ಕೂ ಮಿತಿ ಇದೆ ಎಂಬುದನ್ನು 2023 ತೋರಿಸಿತು. ಎರಡು ಕೆಟ್ಟ ವರ್ಷಗಳ ನಡುವೆ ಒಂದೇ ಒಳ್ಳೆಯ ವರ್ಷ ಸಿಕ್ಕಿ, 2024ರ ಆರಂಭದಲ್ಲಿ ದಾಸ್ತಾನು 69 ಲಕ್ಷ ಪೌಂಡಿಗೆ ಇಳಿಯಿತು. ಹದಿನಾರು ವರ್ಷಗಳಲ್ಲೇ ಅದು ಅತಿ ಕಡಮೆ. ಆ ಚಳಿಗಾಲದ ಕೊನೆಯೂ ಕೆಟ್ಟಿದ್ದರೆ ಏನಾಗುತ್ತಿತ್ತೆಂದು ಹೇಳುವುದು ಕಷ್ಟ. ಕೆಡಲಿಲ್ಲ, ದಾಖಲೆಯ ಬೆಳೆ ಬಂತು. ಒಕ್ಕೂಟ ಬರಿಯ ಅದೃಷ್ಟವನ್ನು ನಂಬಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲೇ 70 ಲಕ್ಷ ಹೊಸ ಕೊಳವೆಗಳಿಗೆ ಅನುಮತಿ ಕೊಡಲು ತೊಡಗಿತ್ತು.

ಈ ವ್ಯವಸ್ಥೆಯನ್ನು ಹೊಗಳಿ ಬಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಸಗಟು ಪಾಕವನ್ನು ಬೆಳೆಗಾರ ತನಗೆ ಬೇಕಾದವರಿಗೆ ಮಾರುವಂತಿಲ್ಲ. ಒಕ್ಕೂಟದ ಮೂಲಕವೇ ಹೋಗಬೇಕು. ಸಣ್ಣ ಡಬ್ಬಿಗಳಲ್ಲಿ ಮನೆಬಾಗಿಲಲ್ಲಿ ಮಾರಲು ಮಾತ್ರ ಬಿಟ್ಟಿದ್ದಾರೆ. ಕೋಟಾ ಮೀರಿದ ಪಾಕದ ಹಣ ಅದು ಮಾರಾಟವಾದಾಗ ಬರುತ್ತದೆ. ಕದ್ದು ಪಕ್ಕದ ಪ್ರಾಂತಕ್ಕೆ ಸಾಗಿಸಿದವರ ಮೇಲೆ ದಂಡ, ಜಪ್ತಿ, ಕೋರ್ಟು ಎಲ್ಲವೂ ನಡೆದಿವೆ. ಇದು ಬೆಳೆಗಾರನ ಸ್ವಾತಂತ್ರ್ಯದ ಹರಣ ಎಂದು ವಾದಿಸುವ ಬೆಳೆಗಾರರು ಅಲ್ಲೇ ಇದ್ದಾರೆ; ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಗಡಿಯಾಚೆ ವರ್ಮಾಂಟಿನವರಿಗೆ ಕೋಟಾ ಇಲ್ಲ. ಕ್ವಿಬೆಕ್ಕಿನವರು ಸರಕು ತಡೆಹಿಡಿದು ನಿಲ್ಲಿಸಿದ ಧಾರಣೆಯ ನೆರಳಿನಲ್ಲಿ ಅವರು ತೋಪು ವಿಸ್ತರಿಸಿಕೊಂಡರು. ಒಬ್ಬರು ಕೊಡೆ ಹಿಡಿದರೆ ಇನ್ನೊಬ್ಬರು ನೆನೆಯದೆ ನಡೆಯುವುದು ಎಲ್ಲ ಕಡೆಯೂ ಇದೆ. ಉಗ್ರಾಣದಲ್ಲಿ ಸರಕಿದ್ದರೆ ಕಳ್ಳರೂ ಬರುತ್ತಾರೆ: 2012ರಲ್ಲಿ ಬಾಡಿಗೆ ಗೋದಾಮೊಂದರಲ್ಲಿ ದಾಸ್ತಾನು ಎಣಿಸಲು ಹೋದವರಿಗೆ ಸಿಕ್ಕಿದ್ದು ಖಾಲಿ ಪೀಪಾಯಿಗಳು, ಕೆಲವದರಲ್ಲಿ ನೀರು. ಸುಮಾರು 3,000 ಟನ್ ಪಾಕ, 1.8 ಕೋಟಿ ಡಾಲರ್ ಬೆಲೆಯದ್ದು, ತಿಂಗಳುಗಟ್ಟಲೆ ಸೋರಿಹೋಗಿತ್ತು. ನಮ್ಮ ಗೋದಾಮಿನ ದಾಸ್ತಾನನ್ನು ವರ್ಷಕ್ಕೆ ನಾಲ್ಕು ಸಲ ಎಣಿಸುವುದೇಕೆಂದು ಗೊಣಗುವ ಸಿಬ್ಬಂದಿ ಇದನ್ನು ಓದಬೇಕು.

ಇಷ್ಟು ಓದುವಾಗಲೇ ಹಿರಿಯ ಸದಸ್ಯರಿಗೆ ಕಾಫಿ ಮಂಡಳಿಯ ಪೂಲ್ ನೆನಪಾಗಿರುತ್ತದೆ. ಕಾಫಿಯನ್ನೆಲ್ಲ ಪೂಲಿಗೆ ಕೊಟ್ಟು, ಕಂತು ಕಂತಾಗಿ ಬರುವ ಹಣಕ್ಕೆ ಕಾದ ಕಾಲ ಅದು. 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಆ ಪದ್ಧತಿ ಮುಗಿಯಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಧಾರಣೆ ಏರಿದ್ದ ಕಾಲವಾದ್ದರಿಂದ ಯಾರಿಗೂ ಬೇಸರವಾಗಲಿಲ್ಲ. 2001, 2002ರಲ್ಲಿ ಧಾರಣೆ ಪಾತಾಳಕ್ಕೆ ಇಳಿದಾಗ ಕೆಲವರು ಪೂಲನ್ನು ನೆನೆದದ್ದೂ ಉಂಟು. ಪೂಲ್ ತಿರುಗಿ ಬರಬೇಕೆಂಬ ವಾದ ನನ್ನದಲ್ಲ. ಅದು ಮೇಲಿನಿಂದ ಇಳಿದು ಬಂದ ವ್ಯವಸ್ಥೆ. ಕಂತು ಯಾವಾಗ, ಎಷ್ಟು ಎಂದು ಬೆಳೆಗಾರ ಹೇಳುವಂತಿರಲಿಲ್ಲ. ಕ್ವಿಬೆಕ್ಕಿನದ್ದು ಬೆಳೆಗಾರರ ಒಕ್ಕೂಟದ್ದೇ ಕೈಯಲ್ಲಿದೆ. ಧಾರಣೆ ಕುಸಿದ ಬಳಿಕ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದಾಗ ಅಡಿಕೆ ಬೆಳೆಗಾರರು ಮಾಡಿದ್ದು ಇದಕ್ಕೆ ಹೆಚ್ಚು ಹತ್ತಿರದ್ದು.

ಮೇಪಲ್ ಪಾಕದ ಹಾಗೆ ನಮ್ಮ ಸರಕು ವರ್ಷಗಟ್ಟಲೆ ಕೂರುವುದಿಲ್ಲ ಎಂಬ ಆಕ್ಷೇಪ ಆಡಳಿತ ಮಂಡಳಿಯಲ್ಲೇ ಬಂತು. ಸರಿಯಾದ ಆಕ್ಷೇಪ. ಮಲೆನಾಡಿನ ಮಳೆಗಾಲದಲ್ಲಿ ಪಾರ್ಚ್‌ಮೆಂಟ್ ತೇವ ಹೀರಿ ಬಣ್ಣಗೆಡುತ್ತದೆ. ಅಡಿಕೆಗೆ ಹುಳು, ಬೂಷ್ಟು. ಆದಕಾರಣ ನಮ್ಮ ಯೋಜನೆ ಅಷ್ಟು ದೊಡ್ಡದಲ್ಲ. ಸಂಘಕ್ಕೆ ಬರುವ ಪ್ರತಿ ಹತ್ತು ಚೀಲ ಕಾಫಿಯಲ್ಲಿ ಒಂದನ್ನು, ಮುಂಗಡ ಕೊಟ್ಟು, ಏಪ್ರಿಲ್ ಕೊನೆಯವರೆಗೆ ಮಾರದೆ ಇಡುವುದು. ಅಷ್ಟರಲ್ಲಿ ಹೂಮಳೆ ಬಂತೋ ಇಲ್ಲವೋ, ಬ್ಯಾಕಿಂಗ್ ಮಳೆ ಸಿಕ್ಕಿತೋ ಇಲ್ಲವೋ ತಿಳಿದಿರುತ್ತದೆ. ಮುಂದಿನ ಫಸಲಿನ ಅಂದಾಜೂ ಸಿಗುತ್ತದೆ. ಮಳೆ ಕೈಕೊಟ್ಟರೆ ಆ ಚೀಲಗಳು ಮುಂದಿನ ವರ್ಷ ಬೆಳೆ ಇಲ್ಲದವನ ಕೈಗೆ ಹಣವಾಗಿ ಬರಬೇಕು. ಮಳೆ ಚೆನ್ನಾಗಿ ಆದರೆ ಮಳೆಗಾಲಕ್ಕೆ ಮೊದಲು ಮಾರಿ, ಅದರಲ್ಲೊಂದು ಪಾಲು ಪ್ರತ್ಯೇಕ ನಿಧಿಗೆ. ಅಡಿಕೆಗೆ ಗಡುವು ಬೇರೆ: ಕೊಳೆರೋಗದ ಲೆಕ್ಕ ಸಿಗುವುದು ಸೆಪ್ಟೆಂಬರಿನಲ್ಲಿ. 2021ರ ಜನವರಿಯ ಮೊದಲ ವಾರ ಕಣದಲ್ಲಿ ಹರವಿದ ಕಾಫಿಯ ಮೇಲೆ ಮಳೆ ಸುರಿದಾಗ ಇಂಥದೊಂದು ನಿಧಿ ಇದ್ದಿದ್ದರೆ ಸಣ್ಣ ಬೆಳೆಗಾರರು ತೇವದ ಸರಕನ್ನು ಕೇಳಿದ ಬೆಲೆಗೆ ವ್ಯಾಪಾರಿಗೆ ಹಾಕಬೇಕಾಗುತ್ತಿರಲಿಲ್ಲ.

ಕ್ವಿಬೆಕ್ಕಿನಂತೆ ನಮಗೆ ಕಾನೂನಿನ ಬಲವಿಲ್ಲ. ಹತ್ತರಲ್ಲಿ ಒಂದು ಚೀಲ ಬಿಡಲು ಒಪ್ಪಿದವನು ಹೊರಗೆ ಕಿಲೊಗೆ ಎರಡು ರೂಪಾಯಿ ಹೆಚ್ಚು ಸಿಕ್ಕಿದ ದಿನ ಹತ್ತನ್ನೂ ಹೊರಗೆ ಹಾಕಿದರೆ ನಾವು ಏನೂ ಮಾಡುವಂತಿಲ್ಲ. ನಿಧಿಗೆ ಸೇರದವರಿಗೆ ಅದರ ಸಹಾಯವೂ ಇಲ್ಲ ಎಂಬ ನಿಯಮವನ್ನು ಕರಡಿನಲ್ಲಿ ಸೇರಿಸಿದ್ದೇವೆ. ಇದು ಕಟುವಾಯಿತೆಂದು ಇಬ್ಬರು ನಿರ್ದೇಶಕರ ಅಭಿಪ್ರಾಯ. ನನಗೆ ಹಾಗೆ ಅನಿಸುವುದಿಲ್ಲ. ಎರಡೆಕರೆಗಿಂತ ಕಡಮೆ ಇರುವವರಿಗೆ ಹತ್ತರಲ್ಲಿ ಒಂದರ ಬದಲು ಇಪ್ಪತ್ತರಲ್ಲಿ ಒಂದು ಸಾಕೆಂದು ಬಂದಿರುವ ಸಲಹೆಗೆ ನನ್ನ ಒಪ್ಪಿಗೆ ಇದೆ. ಕರಡಿನ ಪ್ರತಿ ಸಂಘದ ಕಚೇರಿಯಲ್ಲೂ ಗೋದಾಮಿನಲ್ಲೂ ಸಿಗುತ್ತದೆ. ತಿದ್ದುಪಡಿ ಸೂಚಿಸುವ ಸದಸ್ಯರು ತಮ್ಮ ಕಳೆದ ಐದು ವರ್ಷದ ಫಸಲಿನ ಅಂಕಿಗಳನ್ನೂ ಜೊತೆಗೆ ಬರೆದು, ಸಭೆಗೆ ಏಳು ದಿನ ಮೊದಲೇ ತಲುಪಿಸಬೇಕಾಗಿ ವಿನಂತಿ.